ಬೀರುವಿನಲ್ಲಿದ್ದ ದೋಣಿಬಾಲದ ಗುಂಡು

ನಮ್ಮ ರಾಜಾಜಿನಗರದ ಮನೆಯಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ ಎಲ್ಲವೂ ಹಿಡಿಯಿದ್ದ ಬೆಳ್ಳಿಬಣ್ಣದ ಕಪ್‌ಗಳಲ್ಲಿದ್ದವು. ಎಲ್ಲದರ ಮೇಲೂ 'ಎರಡನೇ ಬಹುಮಾನ' ಎಂದು ಕೊರೆದಿತ್ತು. ರೈಫಲ್ ಕ್ಲಬ್ಬಿನ ವಾರ್ಷಿಕ ಪಂದ್ಯದಲ್ಲಿ ನಮ್ಮ ಮಾವ ಗೆದ್ದು ತಂದವು ಅವು. ಮೊದಲನೆಯದನ್ನು ಅತ್ತೆ ನಡುಮನೆಯ ಷೋಕೇಸಿನಲ್ಲಿಟ್ಟಿದ್ದರಂತೆ. ಮೂರನೆಯದು ಬರುವ ಹೊತ್ತಿಗೆ ಅವರಿಗೆ ಸಾಕಾಗಿ, ಎಲ್ಲವನ್ನೂ ಅಡುಗೆಮನೆಗೆ ಸಾಗಿಸಿ ಒಗ್ಗರಣೆ ಸಾಮಾನು ತುಂಬಿಬಿಟ್ಟರು. "ಫಸ್ಟ್ ಪ್ರೈಜ್ ತನ್ನಿ, ಷೋಕೇಸ್ ಖಾಲಿ ಮಾಡ್ಕೊಡ್ತೀನಿ" ಎನ್ನುವುದು ಅವರ ಖಾಯಂ ಮಾತು.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ಶುರುವಿನಲ್ಲಿ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ, ರಂಗೋಲಿ ಬರುತ್ತದೆಯೇ ಎಂದು ಕೇಳುತ್ತಿದ್ದ ಕಾಲ. ಕಾಲೇಜಿನಲ್ಲಿ ಖಾಕಿ ತೊಟ್ಟು ಕವಾಯತು ಮಾಡಿದ್ದೆ, ರೈಫಲ್ ಹಿಡಿದಿದ್ದೆ ಎಂಬುದನ್ನು ನಮ್ಮಪ್ಪ ಮುಚ್ಚಿಡಲು ನೋಡಿದರು. ಮಾವನಿಗೆ ಅದು ಹೇಗೋ ಗೊತ್ತಾಗಿತ್ತು.

"ಗುಂಡು ಹೊಡೆಯೋವಾಗ ಉಸಿರು ಯಾವಾಗ ಹಿಡೀತಿದ್ದೆಯಮ್ಮ?" ಎಂದು ಕೇಳಿದರು.

"ಅರ್ಧ ಬಿಟ್ಟ ಮೇಲೆ" ಎಂದೆ.

ಮಾವ ಹೆಂಡತಿಯ ಕಡೆ ತಿರುಗಿ, "ಉಪ್ಪಿಟ್ಟು ಚೆನ್ನಾಗಿದೆ ಕಣೇ" ಎಂದರು. ಸಂಬಂಧ ಕುದುರಿತು. ನನ್ನ ಯಜಮಾನರಿಗಾದರೋ ದೀಪಾವಳಿಯ ಆನೆಪಟಾಕಿ ಸದ್ದಿಗೂ ಕಿವಿ ಮುಚ್ಚಿಕೊಳ್ಳುವ ಅಭ್ಯಾಸ. ಹಾಗಾಗಿ ಭಾನುವಾರದ ಅಭ್ಯಾಸಕ್ಕೆ ಮಾವನ ಜೊತೆ ಹೊರಡುವ ಪಾಲು ನನ್ನದಾಯಿತು. ಕ್ಲಬ್ಬಿನವರು ನನಗೂ ಒಂದು ಸದಸ್ಯತ್ವ ಕೊಟ್ಟರು.

ಮಾವನದು ಲೈಸೆನ್ಸಿನ ಹಳೆಯ ರೈಫಲ್. ಅದಕ್ಕೆ ಅವರು ಬಳಸುತ್ತಿದ್ದುದು ಮಾಮೂಲಿ ಫ್ಲಾಟ್ ಬೇಸ್ ಗುಂಡು, ಅಂದರೆ ತಳ ಚಪ್ಪಟೆಯಾಗಿ, ಕತ್ತರಿಸಿಟ್ಟ ಹಾಗಿರುವಂಥದ್ದು. ಆದರೆ ಮನೆಯ ಬೀರುವಿನಲ್ಲಿ, ಅತ್ತೆಯ ಧಾರೆಸೀರೆಯ ಪಕ್ಕದಲ್ಲಿ, ನುಸಿಗುಳಿಗೆಯ ವಾಸನೆ ಹೊತ್ತ ಒಂದು ಪುಟ್ಟ ಪೆಟ್ಟಿಗೆ ಇತ್ತು. ಅದರಲ್ಲಿದ್ದವು ಬೋಟ್ ಟೇಲ್. ಈ ಗುಂಡಿನ ಹಿಂಬದಿ ದೋಣಿಯ ತುದಿಯಂತೆ ಸಪೂರವಾಗಿರುತ್ತದೆ. ಗಾಳಿಯ ಎಳೆತ ಕಡಿಮೆ, ದೂರ ಹೋದಷ್ಟೂ ವೇಗ ಉಳಿಸಿಕೊಳ್ಳುತ್ತದೆ. ಸ್ನೇಹಿತರೊಬ್ಬರು ವರ್ಷಗಳ ಹಿಂದೆ ವಿದೇಶದಿಂದ ತಂದುಕೊಟ್ಟಿದ್ದರಂತೆ. ಹೊಸ ಮಾಲು, ದುಬಾರಿ ಮಾಲು. ಮಾವ ಅದನ್ನು ತೆಗೆಯುತ್ತಲೇ ಇರಲಿಲ್ಲ. ಪ್ರತಿ ಪಂದ್ಯದ ಹಿಂದಿನ ದಿನ ಪೆಟ್ಟಿಗೆ ಹೊರಗೆ ತೆಗೆದು, ಒರೆಸಿ, ಮತ್ತೆ ಸೀರೆಯ ಪಕ್ಕ ಇಡುವರು. ಮಾರನೆಯ ದಿನ ಚಪ್ಪಟೆ ತಳದ ಗುಂಡು ಹೊಡೆದು ಎರಡನೇ ಬಹುಮಾನ ತರುವರು.

"ಅದನ್ನ ಉಪ್ಪಿನಕಾಯಿ ಹಾಕ್ತಾರಾ ನಿಮ್ಮ ಮಾವ?" ಎಂದು ಅತ್ತೆ ನನ್ನನ್ನು ಕೇಳುತ್ತಿದ್ದರು. ನನಗೂ ಅದೇ ಸಿಟ್ಟು. ಒಳ್ಳೆಯದು ಮನೆಯಲ್ಲಿದ್ದೂ ಬಳಸದವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕೇಳಿದರೆ ಮಾವ, "ಇರಲಿ ಬಿಡಮ್ಮ, ಒಂದು ಒಳ್ಳೇ ದಿನ ಬರಲಿ" ಎಂದು ನಕ್ಕು ಜಾರಿಕೊಳ್ಳುತ್ತಿದ್ದರು.

ಒಂದು ವರ್ಷ ಮಾವನ ಬಲಗಣ್ಣಿಗೆ ಪೊರೆ ಬಂದಿದೆ ಎಂದು ಡಾಕ್ಟರು ಹೇಳಿದರು. ಗುರಿಯಿಡುವ ಕಣ್ಣೇ ಅದು. ಮಳೆಗಾಲ ಕಳೆದ ಮೇಲೆ ಆಪರೇಷನ್, ಆಮೇಲೆ ದಪ್ಪ ಗಾಜಿನ ಕನ್ನಡಕ, ರೈಫಲ್ ಮಾತೇ ಇಲ್ಲ. ಅಷ್ಟರೊಳಗೆ ಬರುವ ಪಂದ್ಯವೇ ಅವರ ಕೊನೆಯ ಪಂದ್ಯ. ಅದು ಗೊತ್ತಾದ ವಾರವೇ ಮಾವ ಬೀರು ತೆರೆದು, ಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಂಡರು. ಆ ಮಧ್ಯಾಹ್ನ ಅತ್ತೆ ಷೋಕೇಸಿನ ಮೇಲಿನ ಸಾಲಿನಿಂದ ಗೊಂಬೆಗಳನ್ನು ಇಳಿಸಿ ಧೂಳು ಒರೆಸುತ್ತಿದ್ದುದನ್ನು ನಾನು ನೋಡಿದೆ.

ಭಾನುವಾರ ಬೆಳಿಗ್ಗೆ ಅಭ್ಯಾಸಕ್ಕೆಂದು ಬಸ್ಸು ಬದಲಿಸಿ ಕೆಂಗೇರಿಗೆ ಹೊರಟೆವು. ಕ್ಯಾನ್ವಾಸ್ ಚೀಲದಲ್ಲಿದ್ದ ರೈಫಲ್ ನೋಡಿ ಕಂಡಕ್ಟರ್, "ತಂಬೂರಿನಾ ಸಾರ್?" ಎಂದ. "ಹೂಂ, ನಮ್ಮ ಸೊಸೆ ಚೆನ್ನಾಗಿ ನುಡಿಸ್ತಾಳೆ" ಎಂದರು ಮಾವ. ಅಷ್ಟು ಖುಷಿಯಲ್ಲಿದ್ದರು. ಕೆಂಗೇರಿಯಲ್ಲಿಳಿದು ರಾಗಿಹೊಲದ ಬದುವಿನ ಮೇಲೆ ನಡೆದರೆ ಕಲ್ಲುಗುಡ್ಡದ ಕೆಳಗೆ ಕ್ಲಬ್ಬಿನ ಮೈದಾನ. ಟಾರ್ಪಾಲಿನ ಮೇಲೆ ಬೋರಲು ಮಲಗಿ ಮಾವ ಐದು ಬೋಟ್ ಟೇಲ್ ಹೊಡೆದರು. ಐದೂ ಆದ ಮೇಲೆ ಗುರಿಕಾಗದ ತರಲು ಹೋದೆ. ನನ್ನ ಕಾಲು ಅಲ್ಲೇ ನಿಂತಿತು.

ಹಿಂದಿನ ವಾರ ಚಪ್ಪಟೆ ಗುಂಡಿನ ತೂತುಗಳೆಲ್ಲ ಒಂದು ಕಾಫಿ ಸಾಸರಿನೊಳಗೆ ಕೂತಿದ್ದವು. ಈ ಸಲ ಮೊರದಗಲಕ್ಕೆ ಚೆಲ್ಲಾಪಿಲ್ಲಿ. ಒಂದಂತೂ ಕಾಗದದ ಅಂಚಿನಲ್ಲಿತ್ತು.

ಮಾವ ಕಾಗದವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಕಣ್ಣು ಹೋಯ್ತಮ್ಮ" ಎಂದರು. "ನಾನು ಇನ್ನೂ ಸ್ವಲ್ಪ ದಿನ ಇರತ್ತೆ ಅಂದ್ಕೊಂಡಿದ್ದೆ. ಪಂದ್ಯಕ್ಕೆ ಹೆಸರು ಕೊಡೋದು ಬೇಡ." ಎದ್ದು ರೈಫಲನ್ನು ಚೀಲಕ್ಕೆ ಸೇರಿಸತೊಡಗಿದರು. ನನಗೆ ದುಃಖ ಬಂದರೆ ಮೊದಲು ಸಿಟ್ಟೇ ಬರುವುದು.

"ಹೋದ ವಾರ ಇದ್ದ ಕಣ್ಣು ಈ ವಾರ ಎಲ್ಲಿಗ್ ಹೋಗತ್ತೆ ಮಾವ? ಕೊಡಿ ಇಲ್ಲಿ" ಎಂದು ಚೀಲ ಕಿತ್ತುಕೊಂಡೆ.

"ಒಳ್ಳೇ ಗುಂಡು, ವೇಸ್ಟ್ ಮಾಡ್ಬೇಡಮ್ಮ."

"ಇಷ್ಟು ವರ್ಷ ನುಸಿಗುಳಿಗೆ ಜೊತೆ ಇಟ್ಟಿದ್ರಲ್ಲ, ಅದು ವೇಸ್ಟ್ ಅಲ್ವಾ?"

ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಟಾರ್ಪಾಲಿನ ಮೇಲೆ ಮಲಗಿದೆ. ನನ್ನ ಕಣ್ಣಿಗೇನೂ ಪೊರೆ ಇರಲಿಲ್ಲ. ಅದೇ ರೈಫಲ್, ಅದೇ ಬೋಟ್ ಟೇಲ್, ಐದು ಗುಂಡು. ಆಮೇಲೆ ಕಾಗದ ಬದಲಿಸಿ ಚಪ್ಪಟೆ ತಳದ್ದು ಐದು. ಈ ಸಲ ಮಾವ ನನಗಾಗಿ ಕಾಯಲಿಲ್ಲ. ಪಂಚೆ ಎತ್ತಿ ಕಟ್ಟಿಕೊಂಡು ತಾವೇ ಗುರಿಯ ಕಡೆ ಹೊರಟರು. ಹೋಗುವಾಗ ನಡೆದರು, ಬರುವಾಗ ಹೆಚ್ಚುಕಡಿಮೆ ಓಡಿದರು.

ಬೋಟ್ ಟೇಲ್ ನನ್ನ ಕೈಯಲ್ಲೂ ಮೊರದಗಲಕ್ಕೆ ಹರಡಿತ್ತು. ಚಪ್ಪಟೆಯದು ಸಾಸರಿನೊಳಗಿತ್ತು.

"ಕಣ್ಣಲ್ಲ ಕಣಮ್ಮ!" ಎಂದರು ಮಾವ. ಏದುಸಿರು ಬಿಡುತ್ತಲೇ ರೈಫಲ್ ಎತ್ತಿ, ನಳಿಗೆಯೊಳಗೆ ಬೆಳಕು ಬಿಟ್ಟು ತೋರಿಸಿದರು. ಗುಂಡನ್ನು ತಿರುಗಿಸಿ ನೇರ ಕಳಿಸುವ ಒಳಗಿನ ತಿರುಚುಗೆರೆಗಳು ಸವೆದು ಮಾಸಿದ್ದವು. "ನಳಿಗೆ ಸವೆದು ಸಡಿಲ ಆಗಿದೆ. ಚಪ್ಪಟೆ ತಳಕ್ಕೆ ಹಿಂದಿನಿಂದ ಏಟು ಬಿದ್ದಾಗ ಅದು ಸ್ವಲ್ಪ ಉಬ್ಬಿ ಗೋಡೆ ಕಚ್ಕೊಳ್ಳತ್ತೆ. ಇದರ ಬಾಲ ಸಪೂರ, ಅಷ್ಟು ಕಚ್ಚಲ್ಲ. ಪಕ್ಕದಿಂದ ಹೊಗೆ ನುಗ್ಗಿ ಅಲುಗಾಡಿಸಿಬಿಡತ್ತೆ. ಹಳೇ ಸೀಸೆಗೆ ಸಣ್ಣ ಬಿರಡೆ ಹಾಕ್ದಂಗೆ." ಮುದುಕರು ಅಷ್ಟು ಜೋರಾಗಿ ನಕ್ಕದ್ದನ್ನು ಕೇಳಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ನನಗೆ ಅಳು ಬಂತು. ಹೊಗೆ ಎಂದು ಸುಳ್ಳು ಹೇಳಿದೆ.

ಪಂದ್ಯಕ್ಕೆ ಮಾವ ಹೆಸರು ಕೊಟ್ಟರು. ಚಪ್ಪಟೆ ಗುಂಡನ್ನೇ ಹೊಡೆದರು. ಎರಡನೇ ಬಹುಮಾನ ಬಂತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಪ್ ಇಸಿದುಕೊಂಡು, ತಿರುಗಿಸಿ ಓದಿದರು. "ಗಸಗಸೆಗೆ ಒಂದು ಬೇಕಾಗಿತ್ತು" ಎಂದು ಒಳಗೆ ಹೋದರು. ಷೋಕೇಸಿನ ಮೇಲಿನ ಸಾಲು ಅಲ್ಲಿಯವರೆಗೂ ಖಾಲಿಯೇ ಇತ್ತು.

ಸಂಜೆ ಜಗಲಿಯಲ್ಲಿ ಕಾಫಿ ಕುಡಿಯುವಾಗ ಮಾವ ಆ ಪೆಟ್ಟಿಗೆಯನ್ನು ನಮ್ಮಿಬ್ಬರ ನಡುವೆ ಇಟ್ಟರು. ಅರ್ಧ ಖಾಲಿಯಾಗಿತ್ತು.

"ಇದನ್ನ ಇಷ್ಟು ವರ್ಷ ಯಾಕೆ ತೆಗೀಲಿಲ್ಲ ಗೊತ್ತೇನಮ್ಮ?" ಎಂದರು. "ಒಳ್ಳೇ ಗುಂಡು ಇನ್ನೂ ಬೀರುವಲ್ಲಿದೆ, ಅದನ್ನ ಹಾಕಿದ್ರೆ ಗೆಲ್ತಿದ್ದೆ ಅಂತ ಹೇಳ್ಕೋಬಹುದಿತ್ತು. ಅದನ್ನೂ ಹಾಕಿ ಸೋತ್ರೆ ಆಮೇಲೆ ಹೇಳ್ಕೊಳ್ಳೋಕೆ ಏನಿರತ್ತೆ?"

ಇಷ್ಟು ವರ್ಷ ನಾನೂ ಅತ್ತೆಯೂ ಸೇರಿ ಆಡಿಕೊಂಡಿದ್ದೆಲ್ಲ ನೆನಪಾಯಿತು. ಆ ಮನುಷ್ಯನ ಮೇಲೆ ನನಗೆ ಎಷ್ಟು ಅಕ್ಕರೆಯಿತ್ತು ಎಂದು ತಿಳಿದದ್ದು ಆಗಲೇ.

ಮಾವ ಲೋಟ ಕೆಳಗಿಟ್ಟು, ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಈಗ ನೋಡಿದ್ರೆ, ಇದನ್ನ ಹಾಕಿದ್ರೆ ನಿಮ್ಮತ್ತೆಗೆ ಸಾಸಿವೆ ಇಡೋಕೂ ಒಂದು ಕಪ್ ಸಿಗ್ತಿರಲಿಲ್ಲ ಕಣಮ್ಮ."