ಮಾಮಾನ ಟ್ರೇಲರಿಗೆ ಹೊಂದುವ ಹುಕ್ಕು

ಹಳೆಯ ಟ್ರ್ಯಾಕ್ಟರ್ ಕೊಳ್ಳಲು ಹೋದವರು ಮೊದಲು ಅದರ ಮುಖ ನೋಡುತ್ತಾರೆ. ಇಂಜಿನ್ನಿಗೆ ಕಿವಿ ಕೊಡುತ್ತಾರೆ, ಗಾಲಿಯನ್ನು ಒಮ್ಮೆ ಒದ್ದು, ಏನೋ ತಿಳಿದವರಂತೆ ತಲೆಯಾಡಿಸುತ್ತಾರೆ. ಒದ್ದರೆ ಏನು ತಿಳಿಯುತ್ತದೆಂದು ನನಗೆ ಇಂದಿಗೂ ಗೊತ್ತಾಗಿಲ್ಲ, ನಾನೂ ಒದ್ದಿದ್ದೇನೆ. ಆದರೆ ಕಬ್ಬಿನ ಸೀಮೆಯಲ್ಲಿ ಟ್ರ್ಯಾಕ್ಟರಿನ ಯೋಗ್ಯತೆ ಇರುವುದು ಅದರ ಬೆನ್ನ ಹಿಂದೆ, ಟ್ರೇಲರ್ ಸಿಕ್ಕಿಸುವ ಹುಕ್ಕಿನಲ್ಲಿ.

ಎಂಬತ್ತರ ದಶಕದ ಕೊನೆಯ ಮಾತು. ನಮ್ಮೂರು ಶಿರಗುಪ್ಪಿ. ಚಕ್ಕಡಿಯಲ್ಲಿ ಕಬ್ಬು ಸಾಗಿಸಿ ಬೇಸತ್ತ ಅಪ್ಪ, ನಿಪ್ಪಾಣಿಯ ತಂಬಾಕಿನ ಸಾವ್ಕಾರರೊಬ್ಬರ ಹಳೆಯ ಟ್ರ್ಯಾಕ್ಟರ್ ಕೊಳ್ಳುವುದೆಂದು ನಿಶ್ಚಯಿಸಿದರು. ಮನೆಯಲ್ಲಿ ಲೈಸೆನ್ಸ್ ಇದ್ದವನು ನಾನೊಬ್ಬನೇ. ಹೀಗಾಗಿ ಯಂತ್ರಶಾಸ್ತ್ರ ಪಂಡಿತನೆಂಬ ಪದವಿ ನನಗೆ ಕೇಳದೆಯೇ ಬಂದಿತ್ತು.

ವ್ಯವಹಾರ ಮುಗಿದ ಮೇಲೆ ಸಾವ್ಕಾರರು ಕೇಳಿದರು: "ಈಗ ಹಿಂದ ಪಟ್ಟಿ ಐತಿ. ಶೆಡ್ಡಿನ್ಯಾಗ ದವಡಿ ಹುಕ್ಕೂ ಬಿದ್ದೈತಿ. ಯಾವುದ ಬೇಕ್ರಿ?"

ಪಟ್ಟಿಯೆಂದರೆ ತೂತಿರುವ ಒಂಟಿ ಕಬ್ಬಿಣ. ಅದನ್ನು ಕಚ್ಚಲು ಟ್ರೇಲರಿನ ಮೂತಿಯಲ್ಲಿ ದವಡೆ ಇರಬೇಕು. ದವಡೆ ಹುಕ್ಕಿನದು ತಿರುವುಮುರುವು: ಟ್ರ್ಯಾಕ್ಟರಿಗೇ ಮೇಲೊಂದು ಕೆಳಗೊಂದು ತುಟಿ, ನಡುವೆ ಟ್ರೇಲರಿನ ಬಳೆ ಬಂದು ಕೂರುತ್ತದೆ, ಮೇಲಿಂದ ಪಿನ್ನು ಇಳಿಯುತ್ತದೆ. ಬಳೆಯನ್ನು ಬರಿಯ ಪಟ್ಟಿಯ ಮೇಲಿಟ್ಟೂ ಪಿನ್ನು ಹಾಕಬಹುದು. ಆದರೆ ಏರಿನಲ್ಲಿ ಕಬ್ಬಿನ ಭಾರ ಜಗ್ಗಿದಾಗ ಪಿನ್ನು ಬಾಗಿ ನಮಸ್ಕಾರ ಮಾಡುತ್ತದೆ.

ನಾನು ದವಡೆ ಹುಕ್ಕಿನ ತೂತು ನೋಡಿದೆ. ತತ್ತಿಯಂತೆ ಉದ್ದವಾಗದೆ ದುಂಡಗೇ ಉಳಿದಿತ್ತು. "ಇದನ್ನ ತಗೊಳ್ಳೂಣು ಅಪ್ಪಾ. ಮಾಮಾನ ಎರಡೂ ಟ್ರೇಲರಿಗೆ ಬಳಿ ಅದಾವ. ಪಟ್ಟಿಗೆ ಹತ್ತೂದಿಲ್ಲ."

"ಅದಕ್ಕ ಪಟ್ಟಿ ಇರ್ಲಿ ಅನ್ನಾಕತ್ತೀನಿ," ಅಂದರು ಅಪ್ಪ.

ಮಾಮಾ ಎಂದರೆ ನನ್ನ ಅತ್ತೆಯ ಗಂಡ, ಅಪ್ಪನಿಗೆ ಅಕ್ಕನ ಗಂಡ, ನಮ್ಮ ಕಡೆಯ ಮಾತಿನಲ್ಲಿ ದಾಜಿ. ಕಾಗವಾಡದ ಕಡೆಯ ದ್ರಾಕ್ಷಿ ಬೆಳೆಗಾರ. ರಾಯಬಾಗದ ಒಂದು ಮದುವೆಯಲ್ಲಿ ಅಪ್ಪ ಅವರ ಒಣದ್ರಾಕ್ಷಿ ಬಾಯಿಗೆ ಹಾಕಿಕೊಂಡು, ಹತ್ತು ಮಂದಿಯ ಎದುರು "ಗಂಧಕದ ವಾಸನಿ" ಎಂದು ತೀರ್ಪು ಕೊಟ್ಟಿದ್ದರು. ಮಾಮಾ ನಮ್ಮ ಕಬ್ಬನ್ನು ಎಮ್ಮೆಯೂ ಮೂಸುವುದಿಲ್ಲವೆಂದು ಮೇಲ್ಮನವಿ ಸಲ್ಲಿಸಿದರು. ಅಂದಿನಿಂದ ಹೋಗಿಬರುವುದು ಬಂದ್. ಸ್ವಂತ ಟ್ರೇಲರ್ ಇಲ್ಲದ ನಾವು ಮೊದಲ ಸುಗ್ಗಿಗೆ ಯಾರದ್ದಾದರೂ ಕೇಳಿ ತರಲೇಬೇಕಿತ್ತು. ಆದರೆ ದಾಜಿಯ ಟ್ರೇಲರ್ ತಮ್ಮ ಟ್ರ್ಯಾಕ್ಟರಿಗೆ ಹೊಂದಿ ಹತ್ತುವ ಅಪಾಯವನ್ನೇ ಅಪ್ಪ ಕಬ್ಬಿಣದಲ್ಲಿ ತಡೆಯಲು ಹೊರಟಿದ್ದರು.

ಸಾವ್ಕಾರರು ದವಡೆ ಹುಕ್ಕನ್ನು ಗೋಣಿಚೀಲದಲ್ಲಿ ಸುತ್ತಿ ನನ್ನ ಕಾಲ ಬಳಿ ಇಟ್ಟರು. "ಒಯ್ರಿ, ಇಲ್ಲಿದ್ದು ಏನ ಮಾಡತೈತಿ. ಬಿಗಿಯೂಮುಂದ ಟ್ರೇಲರಿನ ಎತ್ತರ ಅಳದು ಬಿಗೀರಿ. ಹುಕ್ಕು ಮ್ಯಾಲಾತಂದ್ರ ಲೋಡ್ ಜಗ್ಗೂಮುಂದ ಟ್ರ್ಯಾಕ್ಟರ್ ಕುದರಿಗತೆ ಮುಂಗಾಲ ಎತ್ತತೈತಿ."

ಮನೆಯ ಮುಂದೆ ಆಯಿ, ಅಂದರೆ ಅಪ್ಪನ ತಾಯಿ, ಆರತಿ ಹಿಡಿದು ನಿಂತಿದ್ದಳು. ಮುಂದೆ ಒಂದು ಸುತ್ತು ಬೆಳಗಿದವಳು ತಟ್ಟೆಯ ಸಮೇತ ಟ್ರ್ಯಾಕ್ಟರಿನ ಹಿಂದಕ್ಕೆ ನಡೆದಳು.

"ಇದಕ್ಕ ನನ್ನ ಮಗಳ ಮನಿ ಟ್ರೇಲರ್ ಹತ್ತತೈತೇನೋ?"

"ಅದು ಬ್ಯಾರೆ ನಮೂನಿ ಬೇ ಅವ್ವಾ."

"ನಮೂನಿ ಕೇಳಿಲ್ಲ ನಾ. ಹತ್ತತೈತೋ ಇಲ್ಲೋ?"

"ಇಲ್ಲ."

"ಹಂಗಾರ ಇದೂ ಇಲ್ಲ." ತಟ್ಟೆ ನನ್ನ ಕೈಗೆ ಬಂತು. "ಎರಡ ಪಂಚಮಿ ಆತು, ಕೂಸು ತವರಿಗೆ ಬಂದಿಲ್ಲ. ನೀವು ಗಂಡಸರು ದ್ರಾಕ್ಷಿ ತಿಂದ ಜಗಳಾಡೀರಿ. ಆಕಿ ಏನ ತಿಂದಿದ್ಳು?"

ಕೂಸಿಗೆ ಆಗ ಐವತ್ತು ದಾಟಿತ್ತು. ಅಪ್ಪ ಹುಕ್ಕು ಬದಲಿಸುತ್ತೇನೆಂದು ಮಾತು ಕೊಟ್ಟ ಮೇಲಷ್ಟೇ ಆರತಿ ಪೂರ್ತಿಯಾಯಿತು.

ಮಾತು ಕೊಟ್ಟಿದ್ದು ಹುಕ್ಕಿನದು, ದಾಜಿಯದ್ದಲ್ಲ ಎಂದು ಅಪ್ಪ ಸಂಜೆಯೆಲ್ಲ ವಾದಿಸಿದರು. ಆದರೆ ಎತ್ತರ ಅಳೆಯಬೇಕಾದ ಬಳೆ ಇದ್ದದ್ದು ದಾಜಿಯ ಅಂಗಳದಲ್ಲಿ. ಮರುದಿನ ಬೆಳಿಗ್ಗೆ ದವಡೆ ಹುಕ್ಕನ್ನು ಅಂದಾಜಿನ ಮೇಲೆ ಬಿಗಿದುಕೊಂಡು ಹೊರಟೆವು. ಅಪ್ಪ ಮಡಗಾರ್ಡಿನ ಮೇಲೆ, ಶತ್ರುದೇಶಕ್ಕೆ ಹೊರಟ ರಾಯಭಾರಿಯಂತೆ ತಲೆಗೆ ಪಟಕಾ ಸುತ್ತಿಕೊಂಡು ಕೂತಿದ್ದರು.

ಮಾಮಾ ಅಂಗಳದ ಹೊರಸಿನಿಂದ ಏಳಲಿಲ್ಲ.

"ಏನ್ರಿ ಪಾವಣೇರ, ದಾರಿ ತಪ್ಪಿತೇನು?"

"ದಾರಿ ಸರಿ ಐತ್ರಿ ದಾಜಿ. ಅಳತಿ ತಗೊಳ್ಳಾಕ ಬಂದೀವಿ."

"ಯಾರದು?"

"ನಿಮ್ಮ ಟ್ರೇಲರಿಂದು."

"ಅದ್ಯಾಕ ಬೇಕು ನಿಮಗ? ಗಂಧಕದ ವಾಸನಿ ಬರತೈತಿ ಅದಕ್ಕ."

ಅಪ್ಪ ಕೆಳಗಿಳಿದು, ಟ್ರೇಲರಿನ ಬಳೆಯ ಹತ್ತಿರ ಬಗ್ಗಿ, ಅತ್ಯಂತ ಗಂಭೀರವಾಗಿ ಮೂಸಿದರು. "ಇಲ್ರಿ. ಬರೇ ಗ್ರೀಸಿಂದು."

ಮಾಮಾ ನಗು ತಡೆಯಲು ಮೀಸೆ ತಿರುವಿಕೊಂಡರು. ಸಾಲಲಿಲ್ಲ, ಕೆಮ್ಮಿದರು. ಅದೂ ಸಾಲದೆ ಸ್ಪ್ಯಾನರ್ ತರುವ ನೆವದಲ್ಲಿ ಒಳಗೆ ಹೋದರು.

ನಾನು ಟ್ರ್ಯಾಕ್ಟರನ್ನು ಹಿಂದಕ್ಕೆ ತಂದೆ. ಹುಕ್ಕು ಎರಡು ಬೆರಳು ಮೇಲಿತ್ತು. ಅದನ್ನು ಒಂದು ತೂತು ಕೆಳಗಿಳಿಸಲು ಇಬ್ಬರೂ ಹಿರಿಯರು ಒಟ್ಟಿಗೆ ಬಗ್ಗಿದರು, ಎಡಕ್ಕೆ ತಿರುವಬೇಕೋ ಬಲಕ್ಕೋ ಎಂದು ಜಗಳ ತೆಗೆದರು, ನಟ್ಟು ಮಾತ್ರ ಸಡಿಲವಾಯಿತು. ಬಾಗಿಲಲ್ಲಿ ಅತ್ತೆ ಚಹಾದ ಕಪ್ಪುಗಳನ್ನು ಹಿಡಿದು ನಿಂತಿದ್ದಳು. ಅವು ಆರುತ್ತಿದ್ದುದು ಆಕೆಗೆ ಗೊತ್ತೇ ಇರಲಿಲ್ಲ.

ಬಳೆ ದವಡೆಯೊಳಗೆ ಸೇರಿತು. ಪಿನ್ನು ಒಮ್ಮೆಗೇ ಇಳಿಯಿತು.

"ಹತ್ತಿತೇನು?" ಅತ್ತೆ ಕೇಳಿದಳು.

"ಹತ್ತಿತು," ಇಬ್ಬರೂ ಅಂದರು.

"ಹಂಗಾರ ಸೀರಿ ಬದ್ಲಿ ಮಾಡಿ ಬರ್ತೀನಿ, ತಡೀರಿ."

"ಎಲ್ಲಿಗೆ ನೀನು?" ಮಾಮಾ ಕೇಳಿದರು.

"ಖಾಲಿ ಟ್ರೇಲರ್ ರಸ್ತೆದಾಗ ಭಾಳ ಎಗರತೈತಿ ಅಂತ ನೀವ ಅಂತಿರತೀರಲ್ಲ? ಭಾರ ಬೇಕಲ್ಲ ಅದಕ್ಕ."

ಮಾಮಾ ಈ ವಾದವನ್ನು ಎಲ್ಲ ಕೋನಗಳಿಂದ ಪರಿಶೀಲಿಸಿದರು. ಒಬ್ಬಳ ಭಾರ ಸಾಲುವುದಿಲ್ಲವೆಂದು ನಿರ್ಣಯವಾಯಿತು. ಟ್ರೇಲರಿನಲ್ಲಿ ಕೌದಿ ಹಾಸಿ ತಾವೂ ಹತ್ತಿದರು. ಅಪ್ಪ ಮಡಗಾರ್ಡಿನತ್ತ ಹೊರಟವರು ನಿಂತು, ಪಟಕಾ ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಹಿಂದೆಯೇ ಹತ್ತಿದರು.

ನಾನು ನಿಧಾನವಾಗಿ ಓಡಿಸಿದೆ. ಏರಿನಲ್ಲಿ ತಿರುಗಿ ನೋಡಿದರೆ ಗಂಡಸರಿಬ್ಬರೂ ಅತ್ತೆಯ ತಲೆಯ ಮೇಲಿಂದ ಕೈ ಬೀಸಿ ಬೀಸಿ ಮಾತಾಡುತ್ತಿದ್ದರು. ಇಂಜಿನ್ನಿನ ಸದ್ದಿನಲ್ಲಿ ಒಂದೂ ಕೇಳಿಸಲಿಲ್ಲ. ಜಗಳವೇ ಇದ್ದೀತೆಂದು ಗಾಡಿ ನಿಲ್ಲಿಸಹೋದೆ. ಅತ್ತೆ ನಗು ಅಡಗಿಸಲು ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು, ನಡಿ ನಡಿ ಎಂದು ಕೈಮಾಡಿದಳು.