ಕೂಡಿಸಿಕೊಂಡು ಬರುವ ಗಾಡಿ

ನಮ್ಮ ಮಾವನವರು ಎಲ್ಲಿ ಕೂತರೂ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿಕೊಂಡೇ ಕೂಡುತ್ತಿದ್ದರು. ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿ ಇರಲಿ, ಬ್ಯಾಂಕ್ ಮ್ಯಾನೇಜರರ ಎದುರಿನ ಕುರ್ಚಿ ಇರಲಿ, ಚಪ್ಪಲಿ ಕೆಳಗೆ, ಎರಡೂ ಪಾದ ಮೇಲೆ. ಮೈ ಭಾರಿ, ಮೊಣಕಾಲು ಹಳೆಯವು. ಮಡಚುವಾಗ ಒಳಗಿನಿಂದ ಲಟಕ್ ಎಂದು ಸದ್ದು ಬರುತ್ತಿತ್ತು. ಆ ಸದ್ದಿಗೆ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನೋವಿಗಿರಬೇಕು ಎಂದು ನಾನು ಎಷ್ಟೋ ಸಲ ಎಣ್ಣೆ ಕಾಯಿಸಿ ಕೊಟ್ಟಿದ್ದೇನೆ. ನೋವಿಗಲ್ಲ ಎಂದು ತಿಳಿದದ್ದು ಬಹಳ ದಿನಗಳ ಮೇಲೆ.

ಮಾನ್ವಿಯ ನಮ್ಮ ಅಕ್ಕಿ ಮಿಲ್ಲಿನಲ್ಲಿ ಅವರು ಕೂಡುತ್ತಿದ್ದದ್ದು ಒಂದು ಉದ್ದನೆಯ ತೊಗಲಿನ ಸೀಟಿನ ಮೇಲೆ. ಅದರ ಹೊಲಿಗೆಯೊಳಗೆಲ್ಲ ತೌಡಿನ ಧೂಳು ಹೊಕ್ಕಿತ್ತು. ಅದು ಒಂದು ಕಾರಿನ ಹಿಂದಿನ ಸೀಟು. ಎಂಥ ಕಾರು ಅಂತೀರಿ, ಇಂಗ್ಲೆಂಡಿನದು, ಅಲ್ಲಿಯ ದೊರೆಗಳು ಏರುವಂಥದ್ದು. ಹೈದರಾಬಾದಿನಲ್ಲಿ ಹಳೆಯ ಜಾಗೀರದಾರರೊಬ್ಬರ ಮನೆಯವರು ಮಾರುತ್ತಾರೆಂದು ತಿಳಿದು ಮಾವನವರು ಹಟ ಹಿಡಿದು ತಂದಿದ್ದರಂತೆ. ಉದ್ದ ಮೂತಿ, ಗುಂಡು ದೀಪ, ಒಳಗೆ ಪಾಲಿಶ್ ಹಚ್ಚಿದ ಮರದ ಹಲಗೆ. ಅದು ಹಾಯ್ದರೆ ಚಹದಂಗಡಿಯಲ್ಲಿ ಕೂತವರು ಎದ್ದು ನಿಂತು ನೋಡುತ್ತಿದ್ದರಂತೆ. ಎಲ್ಲವೂ ಅಂತೆಯೇ, ಏಕೆಂದರೆ ನಾನು ರಾಯಚೂರಿನಿಂದ ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಆ ಕಾರು ಕಾರಾಗಿ ಉಳಿದಿರಲಿಲ್ಲ.

ಅದರ ಹಿಂದಿನ ಅರ್ಧವನ್ನು ಕೊಯ್ಯಿಸಿಬಿಟ್ಟಿದ್ದರು. ರಾಯಚೂರಿನಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಮಿಸ್ತ್ರಿಯ ಹತ್ತಿರ ಒಯ್ದಾಗ ಅವನು, “ಸಾವಕಾರ್ರ, ಇಂಥಾ ಗಾಡಿಗಿ ಕಟರ್ ಹಚ್ಚಾಕ ಕೈ ಬರವಲ್ದರೀ” ಎಂದನಂತೆ. “ನಿನಗ ಬರಲಿಲ್ಲಂದ್ರ ನನ್ನ ಕೈಯಾಗ ಕೊಡು” ಎಂದರಂತೆ ಮಾವನವರು. ಡಿಕ್ಕಿ, ಹಿಂದಿನ ಗಾಜು, ಟಾಪು ಎಲ್ಲ ತೆಗೆಸಿ ತಗಡಿನ ವ್ಯಾಗನ್ ಕಟ್ಟಿಸಿದರು. ಮುಂದೆ ದೊರೆಯ ಮುಖ, ಹಿಂದೆ ಜೋಳದ ಕಣಜದಷ್ಟು ಎತ್ತರದ ಡಬ್ಬಿ. ನೋಡಿದವರಿಗೆ ಅಳಬೇಕೋ ನಗಬೇಕೋ ತಿಳಿಯದು.

ಆ ಡಬ್ಬಿ ಹೆಣ ತರಲು. ರಾಯಚೂರಿನ ದವಾಖಾನೆಗಳಲ್ಲಿ ತೀರಿಕೊಂಡವರನ್ನು ದೇವದುರ್ಗ, ಕವಿತಾಳ, ಮಾನ್ವಿಯ ಕಡೆಯ ಹಳ್ಳಿಗಳಿಗೆ ಮುಟ್ಟಿಸುವ ಗಾಡಿ ಅದು. ಯಾರು ಫೋನ್ ಮಾಡಿದರೂ ಮಾವನವರೇ ಹೊಡೆದುಕೊಂಡು ಹೋಗುತ್ತಿದ್ದರು. ನಮ್ಮದು ಸತ್ತವರನ್ನು ಕೂಡಿಸಿ ಮಣ್ಣು ಮಾಡುವ ಮಂದಿ. ಮೈ ಬಿಗಿಯುವ ಮೊದಲೇ ಕಾಲು ಮಡಚಿ, ಬೆನ್ನಿಗೆ ಆನಿಕೆ ಕೊಟ್ಟು ಕೂಡಿಸಿಬಿಡಬೇಕು. ಅದಕ್ಕೇ ಗಾಡಿಯೊಳಗೆ ಒಂದು ಮಣೆ, ಅದಕ್ಕೆ ಎತ್ತರದ ಬೆನ್ನು, ಎದೆಗೊಂದು ಹಣೆಗೊಂದು ಅಗಲವಾದ ಬಟ್ಟೆಯ ಪಟ್ಟಿ. ಕೂತವರ ತಲೆ ತಾಗದಿರಲಿ ಎಂದು ಟಾಪು ಅಷ್ಟು ಎತ್ತರ. ಮಲಗಿಸಿ ಒಯ್ಯುವ ಮಂದಿಗೆ ಬೇರೆ ಹಲಗೆ ಇತ್ತು.

ಪುಣ್ಯದ ಕೆಲಸ ಎಂದು ಬಾಯಲ್ಲಿ ಎಲ್ಲರೂ ಅನ್ನುತ್ತಿದ್ದರು. ಆದರೆ ಪುಣ್ಯ ನಮ್ಮ ಅಂಗಳದಲ್ಲಿ ನಿಂತಿರುತ್ತಿತ್ತಲ್ಲ, ನಾಚಿಕೆ ನಮ್ಮ ಪಾಲಿಗೆ. ಊರಿನ ಹುಡುಗರು ನಮ್ಮ ಮನೆಗೆ ‘ಹೆಣದ ಗಾಡಿ ಮನಿ’ ಎಂದೇ ಹೆಸರಿಟ್ಟಿದ್ದರು. ಅತ್ತೆಯವರಂತೂ ಒಂದು ದಿನವೂ ಅದರ ಹತ್ತಿರ ಸುಳಿಯಲಿಲ್ಲ. “ಇದರಾಗ ನಾ ಸತ್ತ ಮ್ಯಾಲ ಹತ್ತತೀನಿ, ಅಲ್ಲೀತನಾ ಕೇಳಬ್ಯಾಡ್ರಿ” ಎಂದು ಗಂಡನ ಮುಖಕ್ಕೇ ಹೇಳುತ್ತಿದ್ದರು. ಮಾವನವರು ಅದಕ್ಕೂ ತಲೆಯಾಡಿಸುತ್ತಿದ್ದರು.

ರಾಯಚೂರಿನ ನನ್ನ ತವರಿನಲ್ಲಿ ಅಣ್ಣನ ಮಗುವಿನ ತೊಟ್ಟಿಲ ಕಾರ್ಯ ಇತ್ತು. ಓಣಿಯ ತುಂಬ ಹೆಂಗಸರು, ಕೊಬ್ಬರಿ ಕುಬಸ, ಜೋಗುಳ. ಅಂಥ ಹೊತ್ತಿನಲ್ಲಿ ಆ ಗಾಡಿ ಬಂದು ಬಾಗಿಲ ಮುಂದೆ ನಿಂತಿತು. ಜೋಗುಳ ಅರ್ಧಕ್ಕೇ ನಿಂತುಹೋಯಿತು. ಎದುರು ಮನೆಯ ಮುದುಕಿ, “ಯವ್ವಾ, ಯಾರು ಹೋದ್ರೇ?” ಎಂದು ಎದೆ ಬಡಿದುಕೊಂಡು ಹೊರಗೆ ಬಂದಳು. ಅವಳನ್ನು ನೋಡಿ ನಮ್ಮವ್ವ ಯಾರು ಸತ್ತರೆಂದು ಕೇಳದೆಯೇ ಅಳಲು ಹತ್ತಿದಳು. ಮಾವನವರು ಹೆಗಲ ಮೇಲೆ ಹೊಸ ಅಕ್ಕಿಯ ಚೀಲ ಹೊತ್ತು ಬಾಗಿಲಲ್ಲಿ ನಿಂತಿದ್ದರು. “ಯಾರೂ ಹೋಗಿಲ್ರೀ ಬೀಗರ. ದವಾಖಾನಿ ಕಡೆ ಬಂದಿದ್ದೆ, ಕೂಸಿನ ಮನಿಗಿ ಅಕ್ಕಿ ತಂದೀನಿ” ಎಂದರು. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದೆ. ಆ ಅಕ್ಕಿಯನ್ನು ತವರಿನವರು ಉಣ್ಣಲೂ ಇಲ್ಲ, ಯಾರಿಗೋ ಕೊಟ್ಟುಬಿಟ್ಟರು. ಮುಂದೆ ಎಷ್ಟೋ ದಿನ ನಾನು ಮಾವನವರ ಜೊತೆ ಮಾತೇ ಆಡಲಿಲ್ಲ.

ನನ್ನ ಗಂಡನಿಗೆ ಇನ್ನೂ ಹೆಚ್ಚಿನ ಸಿಟ್ಟು. ಇಂಗ್ಲೆಂಡಿನಲ್ಲಿಯೂ ಶ್ರೀಮಂತರು ಇಂಥ ಕಾರುಗಳ ಬೆನ್ನು ಕೊಯ್ಯಿಸಿ ವ್ಯಾಗನ್ ಮಾಡಿಸಿಕೊಳ್ಳುತ್ತಾರಂತೆ. ಅದರ ವಿಡಿಯೋ ಒಂದನ್ನು ಫೋನಿನಲ್ಲಿ ಹುಡುಕಿ ಅಪ್ಪನ ಮುಂದೆ ಹಿಡಿದರು. ಬೆಣ್ಣೆಯ ಮೇಲೆ ಬೆರಳು ಎಳೆದ ಹಾಗೆ ಟಾಪು ಹಿಂದಕ್ಕೆ ಇಳಿದಿತ್ತು. ಹಿಂದಿನ ಬಾಗಿಲು ತೆಗೆದರೆ ಬಂದೂಕು, ಬುಟ್ಟಿ, ಎರಡು ಬೇಟೆ ನಾಯಿ.

“ನೋಡಪ್ಪಾ, ಮಾಡಸೂದಂದ್ರ ಹಿಂಗ ಮಾಡಸಬೇಕು. ನೀ ಮಾಡಿಸಿದ್ದು ಡುಬ್ಬದ ಒಂಟಿ ಆಗೇದ.”

ಮಾವನವರು ಕನ್ನಡಕ ಏರಿಸಿ ನೋಡಿದರು. “ಚಲೋ ಅದ. ಆದ್ರ ಇದರಾಗ ನಾಯಿ ಕುಂದರತಾವ. ಮನಷ್ಯಾ ಹ್ಯಾಂಗ ಕುಂದರತಾನ?” ಎಂದು ಫೋನು ಹಿಂದಕ್ಕೆ ಕೊಟ್ಟರು.

ನನಗೆ ಕವಿತಾಳದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಾಗ ಬಸ್ಸಿನ ಹೊತ್ತು ಹೊಂದುತ್ತಿರಲಿಲ್ಲ. ಕಾರು ಹೊಡೆಯಲು ಕಲಿಯುತ್ತೇನೆ ಎಂದರೆ ಗಂಡ ನಕ್ಕರು. ಮಾವನವರು ನಗಲಿಲ್ಲ. “ಬಾರವಾ, ನಾ ಕಲಸ್ತೀನಿ” ಎಂದರು. ಕಲಿಸಿದ್ದು ಮನೆಯ ಸಣ್ಣ ಕಾರಿನಲ್ಲಲ್ಲ, ಆ ವ್ಯಾಗನ್ನಿನಲ್ಲೇ. “ಕಲಿಯಾಕ ಇದಕ್ಕಿಂತ ಚಲೋ ಗಾಡಿ ಇಲ್ಲ. ಎಲ್ಲಾರೂ ತಾವಾಗೇ ದಾರಿ ಬಿಡ್ತಾರ.” ದಾರಿ ಬಿಡುತ್ತಿದ್ದರು, ನಿಜ. ಬಿಟ್ಟು ಕೈ ಮುಗಿಯುತ್ತಲೂ ಇದ್ದರು. ನಾನು ಸೆರಗನ್ನು ಮೂಗಿನ ತನಕ ಎಳೆದುಕೊಂಡು ಸ್ಟೀರಿಂಗ್ ಹಿಡಿಯುತ್ತಿದ್ದೆ.

ಹಿಂದಿನ ಮಣೆಯ ಮೇಲೆ ಮಾವನವರು ಒಂದು ಅಕ್ಕಿ ಚೀಲ ಕೂಡಿಸುತ್ತಿದ್ದರು. ಪಟ್ಟಿ ಕಟ್ಟುತ್ತಿರಲಿಲ್ಲ. ನಾನು ಗಕ್ಕನೆ ಬ್ರೇಕ್ ಹಾಕಿದರೆ ಚೀಲ ಮುಂದಕ್ಕೆ ಮುಗ್ಗರಿಸುತ್ತಿತ್ತು. “ಬಿದ್ರು ನೋಡು. ಇಳಿ, ಎಬ್ಬಿಸು, ಕೂಡಿಸು” ಎನ್ನುತ್ತಿದ್ದರು. ಚೀಲಕ್ಕೆ ಬಹುವಚನ ಬೇರೆ! “ತಗ್ಗು ಬಂದಾಗ ಬ್ರೇಕ್ ತುಳೀಬಾರದು. ತಗ್ಗು ಕಾಣೂ ಮೊದಲ ಮೆತ್ತಗಾಗಬೇಕು. ಹಿಂದ ಕುಂತೋರ ತಲಿ ಬಗ್ಗಬಾರದು” ಎಂಬುದೊಂದೇ ಅವರ ಪಾಠ.

ಒಂದು ದಿನ ಕವಿತಾಳದ ರಸ್ತೆಯಲ್ಲಿ ಚೀಲ ಮೇಲಿಂದ ಮೇಲೆ ಬಿತ್ತು. ಎತ್ತಿ ಎತ್ತಿ ಸೊಂಟ ಹಿಡಿದಿತ್ತು. ಹೊಲದಲ್ಲಿ ಹತ್ತಿ ಬಿಡಿಸುವ ಹೆಂಗಸರು ಕೆಲಸ ಬಿಟ್ಟು ನೋಡುತ್ತಿದ್ದರು. ನನ್ನ ಸಹನೆ ಮುಗಿಯಿತು.

“ಮಾವಾರ, ಕುಂತೀನೋ ಮಲಗೀನೋ ಅಂತ ಸತ್ತವರಿಗಿ ಏನ್ ಗೊತ್ತಾಗತದರೀ? ಈ ಗಾಡಿಯಿಂದ ಇದ್ದೋರ ಮಾನ ಹೋಗಾಕತ್ತದ.”

ಅವರು ಕವಿತಾಳದಲ್ಲಿ ಚಹದಂಗಡಿಯ ಮುಂದೆ ನಿಲ್ಲಿಸಲು ಹೇಳಿದರು. ಬೆಂಚಿನ ಮೇಲೆ ಕಾಲು ಮಡಚಿ ಕೂತರು, ಲಟಕ್ ಎಂದಿತು, ಕಣ್ಣು ಮುಚ್ಚಿದರು. ಆಮೇಲೆ ನನ್ನ ಕಡೆ ನೋಡದೆ ಮಾತಾಡಿದರು.

“ನಮ್ಮವ್ವ ರಾಯಚೂರಾಗ ಹೋದ್ಲು. ದವಾಖಾನಿಯವರು ತಮ್ಮ ಗಾಡಿ ಕೊಡ್ತೀವಿ ಅಂದ್ರು, ನಾ ಒಲ್ಲೆ ಅಂದೆ. ನಮ್ಮವ್ವ ನನ್ನ ಕಾರಿನಾಗ ಬರಬೇಕು ಅಂತ ನನಗ. ಹಿಂದಿನ ಸೀಟಿನ ಮ್ಯಾಲ ಮಲಗಿಸಿದೆ. ಸೀದಾ ಮಾನ್ವಿಗಿ ಬಂದಿದ್ರ ಆಗತಿತ್ತು. ಬರಲಿಲ್ಲ. ಅಕಿ ತವರಮನಿ ಜಾಲಹಳ್ಳಿ. ಅಲ್ಲಿ ಮಂದಿ ನೋಡ್ಲಿ ಅಂತ ದೇವದುರ್ಗದ ಮ್ಯಾಲೆ ಹಾದು ಒಯ್ದೆ.”

“ಕಡೀ ಸಲ ಮುಖ ನೋಡ್ಲಿ ಅಂತಲ್ರೀ, ಅದರಾಗೇನ್ ತಪ್ಪದ?” ಎಂದೆ ಸಮಾಧಾನಕ್ಕೆ.

“ಮುಖ ಅಲ್ಲವಾ. ಕಾರು ನೋಡ್ಲಿ ಅಂತ.”

ನಾನು ಚಹದ ಲೋಟ ಕೆಳಗಿಟ್ಟೆ.

“ಅಲ್ಲಿ ಅತ್ತರು, ಕರದ್ರು, ಕಾರಿನ ಸುತ್ತ ತಿರಗ್ಯಾಡಿ ನೋಡಿದ್ರು. ಬ್ಯಾಸಿಗಿ ದಿನ. ಹೊತ್ತು ಹೋತು. ಮಾನ್ವಿಗಿ ಬರೂದ್ರಾಗ ಅಕಿ ಮೈ ಬಿಗದುಬಿಟ್ಟಿತ್ತು, ಕಾಲು ಚಾಚಿದ್ದು ಚಾಚಿದ್ಹಂಗ. ಕೂಡಸಬೇಕಲ್ಲ? ಗಂಡಸರು ಸೇರಿ ಮೊಣಕಾಲು ಹಿಡದ್ರು.” ಮಾವನವರು ತಮ್ಮ ಮೊಣಕಾಲಿನ ಮೇಲೆ ಅಂಗೈ ಇಟ್ಟರು. “ಸದ್ದು ಬಂತವಾ. ಎರಡೂ ಕಾಲಿಂದು.”

ಆ ಕೋಣೆಯಲ್ಲಿದ್ದವರು ಯಾರೂ ಆಮೇಲೆ ಆ ಮಾತು ಎತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತು. ನನ್ನ ಗಂಡನಿಗೆ ಗೊತ್ತಿರಲಿಲ್ಲ, ಆಗ ಸಣ್ಣವನೆಂದು ಹೊರಗೆ ಕಳಿಸಿದ್ದರಂತೆ. ಎಣ್ಣೆ ಕಾಯಿಸಿ ಕೊಡುತ್ತಿದ್ದ ನನ್ನ ಜಾಣತನ ನೆನೆದು ನನಗೆ ಹೇಗೋ ಆಯಿತು.

“ನನ್ನ ಸರದಿ ಬಂದಾಗ ಇದರಾಗ ಕೂಡಿಸಿ ಸೀದಾ ಮನಿಗಿ ತರ್ರಿ. ಬ್ಯಾರೆ ಎಲ್ಲೂ ಒಯ್ಯಬ್ಯಾಡ್ರಿ. ನನ್ನ ಮಗ ತರಂಗಿಲ್ಲ, ಅವಗ ನಾಚಿಕಿ. ನೀ ತರ್ತೀ ಏನು?” ಎಂದು ಕೇಳಿದರು. ಹೂಂ ಅನ್ನಲು ನನಗೂ ಬಾಯಿ ಬರಲಿಲ್ಲ. ನಾಚಿಕೆ ನನಗೇನು ಕಡಿಮೆ ಇತ್ತೇ? ಗಾಡಿಯ ಕೀಲಿ ಎತ್ತಿಕೊಂಡು, “ಏಳ್ರಿ, ಹೊತ್ತಾತು” ಎಂದೆ. ಮರಳುವಾಗ ಚೀಲ ಬೀಳಲಿಲ್ಲ.

ಅವರ ಪುಪ್ಪುಸದಲ್ಲಿ ಮಿಲ್ಲಿನ ಧೂಳು ಕೂತಿತ್ತು. ಉಬ್ಬಸ ಹೆಚ್ಚಾಗಿ ರಾಯಚೂರಿಗೆ ಸೇರಿಸಬೇಕಾದಾಗ ವ್ಯಾಗನ್ನನ್ನು ತಾವೇ ಹೊಡೆದುಕೊಂಡು ಹೋದರು, ಪಕ್ಕದಲ್ಲಿ ನಾನು. ದವಾಖಾನೆಯ ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ನಿಲ್ಲಿಸಿದರು. ರೋಗಿಗಳ ಕಡೆಯವರು ಅದನ್ನು ನೋಡಿ ಹೆದರುತ್ತಾರೆಂದು ವಾಚಮನ್ ದಿನವೂ ಜಗಳ ತೆಗೆಯುತ್ತಿದ್ದ. “ಅದನ್ನ ತೆಗೀಬ್ಯಾಡ್ರಿ” ಎಂದಷ್ಟೇ ಮಾವನವರು ಹಾಸಿಗೆಯಿಂದ ಹೇಳುತ್ತಿದ್ದರು.

ಒಂದು ಮುಂಜಾನೆ ಹೋಗಿಬಿಟ್ಟರು. ನನ್ನ ಗಂಡ ಕಣ್ಣು ಒರೆಸಿಕೊಂಡು ಮೊದಲು ಮಾಡಿದ ಕೆಲಸ ಎಂದರೆ ಆಂಬುಲೆನ್ಸಿಗೆ ಫೋನ್ ಹಚ್ಚಿದ್ದು. “ನಮ್ಮಪ್ಪನ್ನ ಆ ಡಬ್ಬ್ಯಾಗ ತರಾಂಗಿಲ್ಲ. ಊರ ಮಂದಿ ನಗ್ತಾರ” ಎಂದರು. ಅವರನ್ನು ಬೇವಿನ ಮರದ ಕೆಳಗೆ ಕರೆದೊಯ್ದು ಜಾಲಹಳ್ಳಿಯ ಕಥೆ ಹೇಳಿದೆ. ಮೊಣಕಾಲಿನ ಮಾತು ಬಂದಾಗ ಅವರು ಗಾಡಿಯ ಮೆಟ್ಟಿಲ ಮೇಲೆ ಕೂತರು. ಎದ್ದು ಒಳಗೆ ಹೋಗಿ ಅಪ್ಪನ ಕಾಲುಗಳನ್ನು ತಾವೇ ಮಡಚಿದರು. ಗಾಡಿಯ ಮಣೆಯ ಮೇಲೆ ಕೂಡಿಸಿ ಎದೆಯ ಪಟ್ಟಿ ಕಟ್ಟಿದರು. ಹಣೆಯ ಪಟ್ಟಿ ಮಾತ್ರ ಕಟ್ಟಲು ಒಪ್ಪಲಿಲ್ಲ. “ಕಳ್ಳನ್ನ ಕಟ್ಟಿದ್ಹಂಗ ಕಾಣತದ, ಬ್ಯಾಡ” ಎಂದರು. ಅಲ್ಲಿ ನಾನು ಗಟ್ಟಿಯಾಗಿ ಹೇಳಬೇಕಿತ್ತು.

ದೇವದುರ್ಗದ ನೆಂಟರು ಫೋನ್ ಮಾಡಿ, ಈ ಕಡೆ ತಂದು ಒಮ್ಮೆ ಮುಖ ತೋರಿಸಿ ಹೋಗಿರಿ ಎಂದರು. “ಇಲ್ರೀ, ಸೀದಾ ಮನಿಗಿ. ನೀವಾ ಬರ್ರಿ” ಎಂದು ಇಟ್ಟುಬಿಟ್ಟೆ. ಗಾಡಿ ಹೊಡೆದವಳು ನಾನೇ, ಅಂದೂ ನನ್ನ ಸೆರಗು ಹಣೆಯ ಮೇಲೆ ಇತ್ತು. ಕನ್ನಡಿಯಲ್ಲಿ ನೋಡಿದರೆ ನನ್ನ ಗಂಡ ಅಪ್ಪನಿಂದ ದೂರ, ಮೂಲೆಯಲ್ಲಿ, ಹೊರಗಿನವರಿಗೆ ಮುಖ ಕಾಣದ ಹಾಗೆ ಕೂತಿದ್ದರು. ಮಾನ್ವಿ ಇನ್ನೂ ದೂರವಿರುವಾಗ ಜಾಲಿಯ ಮರೆಯಿಂದ ಕುರಿ ಹಿಂಡು ರಸ್ತೆಗೆ ನುಗ್ಗಿತು. ಕಾಣುವ ಮೊದಲೇ ಮೆತ್ತಗಾಗಬೇಕಿತ್ತು. ಆಗಲಿಲ್ಲ. ಗಕ್ಕನೆ ತುಳಿದೆ. ಹಿಂದಿನಿಂದ ನನ್ನ ಗಂಡ “ಅಪ್ಪಾ” ಅಂದದ್ದು ಕೇಳಿಸಿತು. ಮಾವನವರ ತಲೆ ಎದೆಯ ಮೇಲೆ ಬಿದ್ದಿತ್ತು.

ನನಗೆ ಇಳಿಯಲೂ ಆಗಲಿಲ್ಲ. ಕುರಿ ಕಾಯುವ ಮುದುಕನೊಬ್ಬ ಕಂಬಳಿ ಸರಿಸಿಕೊಂಡು ಕಿಟಕಿಯ ಹತ್ತಿರ ಬಂದ.

“ಸಾವಕಾರ್ರೇನವಾ ಒಳಗ ಇರೋರು?”

“ಹೌದು ಯಪ್ಪಾ.”

“ನನ್ನ ಹೆಣ್ತೀನ ಇದರಾಗ ತಂದುಕೊಟ್ಟಿದ್ರು. ಅಕಿ ತಲಿ ಅಲಗ್ಯಾಡಬಾರದು, ಹಿಡಕೊಂಡು ಕುಂದ್ರು ಅಂದಿದ್ರು. ಊರು ಬರೂತನಾ ಹಿಡಕೊಂಡಿದ್ದೆ.” ಆಮೇಲೆ ಹಿಂದಕ್ಕೆ ಹೋಗಿ ಒಳಗೆ ಇಣುಕಿ ನನ್ನ ಗಂಡನಿಗೆ ಹೇಳಿದ, “ನೀ ಮಗ ಹೌದಲ್ಲೋ? ಹಿಡಿ ಮತ್ತ.”

ನನ್ನ ಗಂಡ ಮೂಲೆ ಬಿಟ್ಟು ಬಂದು ಅಪ್ಪನ ಎದುರಿಗೆ ಮೊಣಕಾಲೂರಿ ಕೂತರು. ಗದ್ದವನ್ನು ಅಂಗೈಯಲ್ಲಿ ಹಿಡಿದು ಮೇಲೆತ್ತಿದರು. ಮಾನ್ವಿಯ ಬಸ್ ನಿಲ್ದಾಣ ಹಾಯುವಾಗ ಮಂದಿ ನೋಡುತ್ತಿದ್ದರು, ಕೈ ತೆಗೆಯಲಿಲ್ಲ.

ಈಗ ಫೋನುಗಳು ನನಗೇ ಬರುತ್ತವೆ. ಶಾಲೆಯ ಬಿಡುವಿನಲ್ಲಿ, ಭಾನುವಾರಗಳಲ್ಲಿ ಹೋಗುತ್ತೇನೆ, ಆಗದಿದ್ದಾಗ ನನ್ನ ಗಂಡ ಹೋಗುತ್ತಾರೆ. ನಾಚಿಕೆ ಬಿಟ್ಟಿದೆ ಎಂದರೆ ಸುಳ್ಳಾಗುತ್ತದೆ. ಬಸ್ ನಿಲ್ದಾಣ ಬಂದ ಕೂಡಲೇ ಕೈ ಇಂದಿಗೂ ಸೆರಗಿಗೆ ಹೋಗುತ್ತದೆ, ಮಾವನವರು ಪಕ್ಕದಲ್ಲಿ ಕೂತು ನೋಡುತ್ತಿದ್ದಾರೆ ಅನ್ನಿಸಿ ಮತ್ತೆ ಸ್ಟೀರಿಂಗಿಗೆ ಬರುತ್ತದೆ.

ಮಾವನವರನ್ನು ತಂದ ಆ ದಿನ ಮನೆಯ ಮುಂದೆ ಕ್ರಿಯೆ ಮಾಡಿಸುವ ಅಯ್ಯನವರು, ಬಳಗದವರು ಕಾದಿದ್ದರು. ಹೆಣ ಕೂಡಿಸಬಲ್ಲ ಗಂಡಸರು ತೋಳು ಏರಿಸಿಕೊಂಡು ನಿಂತಿದ್ದರು. ಅತ್ತೆ ಒಳಬಾಗಿಲಲ್ಲಿ ಗೋಡೆಗೆ ಮುಖ ಮಾಡಿ, ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದರು. ಯಾಕೆಂದು ಅಲ್ಲಿ ಬಹಳ ಮಂದಿಗೆ ತಿಳಿಯಲಿಲ್ಲ. ಗಂಡಸರು ಮಾವನವರನ್ನು ಮಣೆ ಸಮೇತ ಎತ್ತಿ ತಂದು ಪಡಸಾಲೆಯ ಗೋಡೆಗೆ ಆನಿಸಿದರು. ಮಿಲ್ಲಿನ ಸೀಟಿನ ಮೇಲೆ ಕೂಡುತ್ತಿದ್ದ ಹಾಗೆಯೇ ಇದ್ದರು. ಮಡಚುವುದು ಏನೂ ಉಳಿದಿರಲಿಲ್ಲ. ಗಂಡಸರು ತೋಳು ಇಳಿಸಿಕೊಂಡು ಹಿಂದೆ ಸರಿದರು.

ನಾನು ಅತ್ತೆಯ ಹತ್ತಿರ ಹೋಗಿ ಅವರ ಕೈಗಳನ್ನು ಕಿವಿಯಿಂದ ಕೆಳಗಿಳಿಸಿದೆ.

“ಆತು ಅತ್ತಿ,” ಎಂದೆ. “ಕುಂತಾರ.”