ಗೋಡೆ ನೋಡುತ್ತಿದ್ದ ಟಾಮಿ

ನಿವೃತ್ತನಾದ ಮೇಲೆ ನನ್ನ ಮಾತು ಕೇಳುವವರು ಸಿಕ್ಕರೆ ನನಗೆ ಹಬ್ಬ. ಬಸವೇಶ್ವರನಗರದ ನಮ್ಮ ಪಕ್ಕದ ಮನೆಯ ಶಾರದಮ್ಮ ಕರೆದಾಗ ಖುಷಿಯಿಂದಲೇ ಓಡಿದೆ. ಅವರ ಯಜಮಾನರು ತೀರಿಕೊಂಡು ಹದಿನೈದು ದಿನವಾಗಿತ್ತು. ಇಟ್ಟ ಪಿಂಡಕ್ಕೆ ಒಂದು ಕಾಗೆಯೂ ಬರಲಿಲ್ಲವಲ್ಲ ಎಂಬ ಕೊರಗು ಆಕೆಗೆ. ಈಗ ಅವರ ನಾಯಿ ಟಾಮಿ ನಡುಮನೆಯ ಮೂಲೆಯಲ್ಲಿ ಗೋಡೆಗೆ ಹಣೆ ಒತ್ತಿಕೊಂಡು, ಕಣ್ಣು ಮಿಟುಕಿಸದೆ ನಿಂತಿತ್ತು.

"ಅವ್ರು ಬಂದಿದಾರೆ ಸಾರ್. ಇವನಿಗೆ ಕಾಣಿಸ್ತಿದೆ, ಅಲ್ವಾ?"

ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ನಾನು ನಾಯಿಗಳ ಆರನೇ ಇಂದ್ರಿಯದ ಬಗ್ಗೆ ಅರ್ಧ ಗಂಟೆ ಮಾತಾಡಿ, ಎರಡು ಲೋಟ ಕಾಫಿ ಕುಡಿದು ಬಂದೆ. ಆಕೆ ಆ ಮೂಲೆಯಲ್ಲಿ ದೀಪ ಹಚ್ಚಿಟ್ಟರು.

ನಾಲ್ಕನೇ ದಿನ ಟಾಮಿ ಇದ್ದಲ್ಲೇ ಸುತ್ತುತ್ತಾ ಸುತ್ತುತ್ತಾ ಬಿದ್ದು, ಕಾಲು ಸೆಟೆದುಕೊಂಡು ಒದ್ದಾಡಿತು. ಆಟೋದಲ್ಲಿ ಹಾಕಿಕೊಂಡು ವಿಜಯನಗರದ ಪಶುವೈದ್ಯೆಯ ಹತ್ತಿರ ಓಡಿ, ನಡೆದದ್ದೆಲ್ಲ ಹೇಳಿದೆವು.

"ಗೋಡೆಗೆ ಹಾಗೆ ತಲೆ ಒತ್ತಿ ನಿಂತ್ರೆ ಅದು ಮಿದುಳಿನ ತೊಂದರೆ ಸಾರ್. ಅವತ್ತೇ ತರಬೇಕಿತ್ತು. ಇಷ್ಟು ದಿನ ಏನ್ ಮಾಡ್ತಿದ್ರಿ?" ಎಂದರು ವೈದ್ಯೆ.

ನಾನು ಬಾಯಿ ತೆರೆಯುವ ಮೊದಲೇ ಶಾರದಮ್ಮ ಕೇಳಿದರು: "ಹಾಗಾದ್ರೆ ನಮ್ಮನೆಯವ್ರು ಬಂದಿರ್ಲಿಲ್ವಾ ಡಾಕ್ಟ್ರೇ?"

ವೈದ್ಯೆ ನನ್ನ ಮುಖ ನೋಡಿದರು. ಸಂಜೆಯೊಳಗೆ ಟಾಮಿಯ ಜೀವ ಹೋಯಿತು.

ವಾಪಸ್ಸು ಬರುವಾಗ ಆಟೋದಲ್ಲಿ ಶಾರದಮ್ಮ, "ಹೋಗ್ಲಿ ಬಿಡಿ ಸಾರ್, ಅವ್ರಿಗೆ ಜೊತೆಯಾಯ್ತು" ಎಂದು ನನ್ನನ್ನೇ ಸಮಾಧಾನ ಮಾಡಿದರು. ಮನೆ ಮುಟ್ಟುವವರೆಗೂ ನಾನು ಒಂದು ಮಾತೂ ಆಡಲಿಲ್ಲ. ಇದನ್ನು ಮಾತ್ರ ನನ್ನ ಹೆಂಡತಿ ಇವತ್ತಿಗೂ ನಂಬುವುದಿಲ್ಲ.